ಕೊಳವೆಯೊಳಗಿನ ಆರು ಗೆರೆ

ಇದರಲ್ಲಿ ಕೆಲವು ವಿವರಗಳು ತಪ್ಪಾಗಿ ನೆನಪಾಗಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಈ ಬೆಳಿಗ್ಗೆ ಸಂಡೂರಿನ ಮನೆಯ ಹಿತ್ತಲಲ್ಲಿ ಅತ್ತೆ, ನಮ್ಮಪ್ಪನ ಅಕ್ಕ, ಹುಣಸೆಹಣ್ಣಿಗೆ ಕೆಂಪು ಮಣ್ಣು ಕಲಸಿ ತಾಮ್ರದ ತಂಬಿಗೆ ಬೆಳಗುತ್ತಿದ್ದಳು. ಆ ಹುಳಿ ವಾಸನೆಗೆ ನಿನ್ನೆ ಬಂದ ಪತ್ರ ನೆನಪಾಯಿತು.

ಬರೆದವಳು ನಾನು ಓದಿದ ಪ್ರಯೋಗಾಲಯದ ಈಗಿನ ವಿದ್ಯಾರ್ಥಿನಿ: ‘ಮೇಡಂ, ನಿಮ್ಮ ಆರು ಗೆರೆ ನನಗೆ ಕಾಣುತ್ತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ?’

ನನ್ನ ಪಿಎಚ್‌ಡಿ ನಿಂತಿರುವುದೇ ಆ ಆರು ಗೆರೆಗಳ ಮೇಲೆ. ಕೆಲವು ಕಿಣ್ವಗಳು ಒಡಲಲ್ಲಿ ಚೂರು ಲೋಹ ಇಟ್ಟುಕೊಂಡೇ ಕೆಲಸ ಮಾಡುತ್ತವೆ. ಯಾವ ಲೋಹವೆಂದು ತಿಳಿಯಲು ಕಿಣ್ವವನ್ನು ತೆಳು ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟಿಸಿ ದೊಡ್ಡ ಆಯಸ್ಕಾಂತದ ನಡುವೆ ಇಡುತ್ತಿದ್ದೆವು. ಮ್ಯಾಂಗನೀಸ್ ಇದ್ದರೆ ಯಂತ್ರದ ಪರದೆಯ ಮೇಲೆ ಆರು ಗೆರೆ ಏಳುತ್ತವೆ. ನನಗೆ ಎದ್ದವು. ಅದೇ ಕಿಣ್ವಕ್ಕೆ, ಬೇರೆ ಪಾತ್ರೆಯಲ್ಲಿ, ಲೇಸರ್ ಬೆಳಕು ಹಾಯಿಸಿದಾಗ ಮ್ಯಾಂಗನೀಸಿನ ಸುಳಿವೇ ಇರಲಿಲ್ಲ. ಇಬ್ಬರು ಸಾಕ್ಷಿಗಳಲ್ಲಿ ನನಗೆ ಬೇಕಾದವನನ್ನು ನಂಬಿದೆ. ಮ್ಯಾಂಗನೀಸ್ ಗಣಿಯ ಊರವಳು ಮ್ಯಾಂಗನೀಸನ್ನೇ ಕಂಡುಹಿಡಿದಳೆಂದು ಹಿಗ್ಗಿದ್ದೂ ಉಂಟು.

ಆ ಯಂತ್ರ ದೂರದ ಊರಿನಲ್ಲಿತ್ತು. ಹೊಸಪೇಟೆಯಲ್ಲಿ ರೈಲು ಹತ್ತುವ ಮುಂಚೆ, ತೊಳೆದಿಟ್ಟ ಖಾಲಿ ಕೊಳವೆಗಳೊಂದಿಗೆ ಎರಡು ದಿನ ಇಲ್ಲಿದ್ದೆ.

‘ಇಷ್ಟ್ಯಾಕ ಮಬ್ಬ ಆಗ್ಯಾವ? ನಿಮ್ಮ ಕಾಲೇಜಿನಾಗ ನೀರಿಲ್ಲೇನು?’ ಎಂದು ಅತ್ತೆ ನಕ್ಕದ್ದು ಖಂಡಿತ. ‘ಮುಟ್ಟಬ್ಯಾಡ ಅತ್ತಿ’ ಎಂದಿದ್ದೆನೇ? ಕಸಬರಿಗೆ ಕಡ್ಡಿಗೆ ಬಟ್ಟೆ ಸುತ್ತಿ, ಹುಳಿಮಣ್ಣು ಹಚ್ಚಿ, ಆಕೆ ಕೊಳವೆಯೊಳಗೆ ಆಡಿಸುತ್ತಿರುವ ಚಿತ್ರ ಕಣ್ಣೆದುರಿಗಿದೆ. ನಮ್ಮ ಮಣ್ಣಿನಲ್ಲಿ ಮ್ಯಾಂಗನೀಸ್ ಇದೆ. ಹುಳಿ ಅದನ್ನು ಕರಗಿಸಿ ಗಾಜಿಗೆ ಅಂಟಿಸಿರಬಹುದು; ಆರು ಗೆರೆ ಎದ್ದದ್ದು ಕಿಣ್ವದಿಂದಲ್ಲ, ಅದರಿಂದಲೇ ಇರಬಹುದು. ಆದರೆ ಆ ಚಿತ್ರ ನಾನು ಕಂಡದ್ದೋ, ಪತ್ರ ಓದಿದ ಮೇಲೆ ತಪ್ಪನ್ನು ಅತ್ತೆಯ ತಲೆಗೆ ಕಟ್ಟಲು ಹೊಸೆದದ್ದೋ? ನೀವೇ ಹೇಳಿ, ಇಂಥ ನೆನಪನ್ನು ಯಾವ ಯಂತ್ರದಲ್ಲಿಟ್ಟು ನೋಡಲಿ?

ಟ್ರಂಕಿನಲ್ಲಿ ಉಳಿದಿದ್ದ ಒಂದು ಕೊಳವೆ ತಂದು ಕೇಳಿದೆ: ‘ಅತ್ತಿ, ಅವತ್ತು ಇವನ್ನ ನೀನ ಬೆಳಗಿದ್ಯೇನು?’

ಆಕೆ ಕೈ ಒರೆಸಿಕೊಂಡು ಕೊಳವೆಯನ್ನು ಬಿಸಿಲಿಗೆ ಹಿಡಿದಳು. ‘ಹೂಂ ಅಂದ್ರ ನಿನ್ನ ಡಿಗ್ರಿ ಕಸಗೋತಾರೇನು?’

‘ಗೊತ್ತಿಲ್ಲ.’

‘ಊಹೂಂ ಅಂದ್ರ?’

ಊಹೂಂ ಎಂದರೆ ಪತ್ರ ಬರೆದ ಆ ಹುಡುಗಿ ತನ್ನ ತಪ್ಪನ್ನು ಇನ್ನೂ ಹುಡುಕುತ್ತಲೇ ಇರಬೇಕು.

‘ಮೊದ್ಲು ನೀ ಯೋಚನಿ ಮಾಡಿ ಬಾ’ ಎಂದು ಕೊಳವೆ ಮರಳಿಸಿದಳು.

ಒಳಗೆ ಬಂದು ಹುಡುಗಿಗೆ ಬರೆದೆ: ‘ತಪ್ಪು ನಿನ್ನದಲ್ಲದಿರಬಹುದು.’ ಮುಂದಿನ ಸಾಲು ಹೊಳೆಯಲಿಲ್ಲ. ಹಿತ್ತಲಿನಿಂದ ತಂಬಿಗೆ ತಿಕ್ಕುವ ಸದ್ದು ಕೇಳುತ್ತಿದೆ. ನನಗೆ ಯಾವ ಉತ್ತರ ಒಳ್ಳೆಯದೆಂದು ತನಗೆ ತಿಳಿಯುವ ತನಕ ಅತ್ತೆ ಹೂಂ ಎನ್ನುವವಳೂ ಅಲ್ಲ, ಊಹೂಂ ಎನ್ನುವವಳೂ ಅಲ್ಲ.