ಬಣ್ಣ ನೋಡಿ ಸೋತ ಪಂದ್ಯ

ಅಪ್ಪ ಹಚ್ಚಿದ ದ್ರಾಕ್ಷಿ ಬಳ್ಳಿಗಳನ್ನು ಕೀಳಲು ನಾನು ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತವರಿನಲ್ಲಿ ಈ ಕಥೆಯನ್ನು ಬೇರೆ ಥರ ಹೇಳುತ್ತಾರೆ. ಅದರಲ್ಲಿ ನಾನು ಮಾತಿಗೆ ತಪ್ಪಿದವಳು.

ಅಗಡಿಯ ಹತ್ತಿರ ನಮ್ಮದು ಕೆಂಪು ಮಣ್ಣಿನ ಹೊಲ. ಅದರ ಮೂಲೆಯ ಅರ್ಧ ಎಕರೆಯಲ್ಲಿ, ನಾನು ಹುಟ್ಟುವ ಮೊದಲೇ, ಅಪ್ಪ ಬೆಂಗಳೂರಿನ ಕಡೆಯಿಂದ ಕಡ್ಡಿ ತಂದು ಕಪ್ಪು ದ್ರಾಕ್ಷಿ ಹಚ್ಚಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಬಳ್ಳಿಗಳು ಅಣ್ಣನ ಕಣ್ಣಿಗೆ ಚುಚ್ಚತೊಡಗಿದವು. ವರ್ಷದಿಂದ ವರ್ಷಕ್ಕೆ ಗೊನೆ ಕಡಿಮೆ, ಹಣ್ಣು ಸಣ್ಣವು. ಎಲ್ಲ ಕಿತ್ತು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೆ ಹತ್ತಿ ಬೀಜ ಬೆಳೆದುಕೊಡುವ ಹಟ ಅವನದು. ಆದರೆ ಹೊಲ ಪೂರ್ತಿ ಅವನ ಹೆಸರಿಗೆ ಆಗಲು ನನ್ನ ಸಹಿ ಬೇಕಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬಂದು, ಹೊಸ ಸೀರೆ ಉಟ್ಟು, ಪಾಲು ಬೇಡವೆಂದು ಬರೆದುಕೊಟ್ಟು ಹೋಗುವುದು ರೂಢಿ. ನಾನು ಸೀರೆ ಉಟ್ಟಿದ್ದೆ, ಸಹಿ ಹಾಕಿರಲಿಲ್ಲ.

ಅದೇ ವರ್ಷ, ನಾನು ತವರಿನಲ್ಲಿದ್ದಾಗಲೇ, ಬಿಜಾಪುರದ ಕಡೆಯ ವೈನ್ ತಯಾರಕರೊಬ್ಬರು ಅಣ್ಣನ ಮನೆಗೆ ಬಂದರು. ಹಳೆಯ ಬಳ್ಳಿ ಎಲ್ಲೇ ಇದೆಯೆಂದು ಕಿವಿಗೆ ಬಿದ್ದರೂ ಹುಡುಕಿಕೊಂಡು ಹೋಗುವ ಮನುಷ್ಯ. ಹಳೆಯ ಬಳ್ಳಿಯ ರುಚಿ ತೋರಿಸಲು ಕೆಂಪು ವೈನಿನ ಮೂರು ಬಾಟಲಿ ತಂದಿದ್ದರು. ನಾಸಿಕದ್ದೂ ನಂದಿ ಬೆಟ್ಟದ ಕಡೆಯದೂ ಹಳೆಯ ಬಳ್ಳಿಯ ಹಣ್ಣಿನವು, ಮೂರನೆಯದು ಬಿಜಾಪುರದ ಹೊಸ ತೋಟದ್ದು. ಯಾವುದು ಯಾವುದೆಂದು ಹೇಳದೆ ಮೂರು ಲೋಟಗಳಿಗೆ ಸುರಿದಿಟ್ಟರು.

ಅಣ್ಣನಿಗೆ ಚೇಷ್ಟೆ ಹೊಳೆಯಿತು. "ತಂಗೀ, ಬ್ಯಾಡಗಿ ಪ್ಯಾಟ್ಯಾಗ ನಿನ್ನ ಕಣ್ಣಿಗೆ ಭಾಳ ಹೆಸರೈತಿ. ಹಳೇ ಬಳ್ಳೀದು ಒಂದ ಒಂದು ತೋರ್ಸು. ಖರೇ ಆದ್ರ ಬಳ್ಳಿ ಇರ್ಲಿ. ತಪ್ಪಿದ್ರ ಸಹಿ ಹಾಕು."

"ಹೂಂ, ಹಾಕ್ತೇನಿ" ಅಂದೆ. ಸೊಕ್ಕು.

ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಗೆಲ್ಲಬಹುದಿತ್ತು, ಮೂರರಲ್ಲಿ ಎರಡು ಸರಿ. ಆದರೆ ನಾನು ಕಣ್ಣು ತೆರೆದೇ ಆರಿಸಿದೆ. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಮಾಲು ನೋಡುವವಳು ನಾನೇ, ಗಂಡನಲ್ಲ. ಬ್ಯಾಡಗಿ ಕಾಯಿಗೆ ಬಣ್ಣವೇ ಜೀವ, ಖಾರ ಎಷ್ಟೆಂದು ಯಾರೂ ಕೇಳುವುದಿಲ್ಲ. ಅಂಗೈಯಲ್ಲಿ ಉಜ್ಜಿ, ಹತ್ತಿದ ಬಣ್ಣ ನೋಡಿ ದರ್ಜೆ ಹೇಳುತ್ತೇನೆ. ಇಲ್ಲಿಯೂ ಅದನ್ನೇ ಮಾಡಿದೆ. ಮೂರೂ ಲೋಟದಲ್ಲಿ ಬೆರಳದ್ದಿ ಅಂಗೈಗೆ ಉಜ್ಜಿದೆ. ಎರಡು ತೆಳ್ಳಗೆ ಕಂಡವು, ಒಂದು ಗಾಢವಾಗಿ ಕೂತಿತು.

"ಇದ ನೋಡ್ರಿ ಹಳೇದು. ಕೈ ಬಿಡವಲ್ದು."

ಆ ಮನುಷ್ಯ ಮುಖ ಸಣ್ಣದು ಮಾಡಿಕೊಂಡರು. "ಅಕ್ಕಾರ, ಅದ ಹೊಸ ತೋಟದ್ದು. ಬಣ್ಣ ಹಣ್ಣಿನ ಜಾತಿ ಮ್ಯಾಲ ಹೋಗ್ತೈತ್ರಿ. ಕುಡೀದ ಹೆಂಗ ಹೇಳಾಕ ಬರ್ತೈತಿ?"

ಅಣ್ಣ ಒಳಗಿನಿಂದ ಕಾಗದ, ಪೆನ್ನು ತಂದ. ಅಷ್ಟು ಲಗೂ ಅವನು ಯಾವತ್ತೂ ಎದ್ದವನಲ್ಲ. ಪಾಲು ಬೇಡವೆಂಬ ಪತ್ರ ಮೊದಲೇ ಬರೆಸಿಟ್ಟಿದ್ದ! ಅಲ್ಲಿಯವರೆಗೆ ನನ್ನ ಮೇಲೆಯೇ ಇದ್ದ ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

ತೆಳು ಬಣ್ಣದ ಲೋಟವೊಂದನ್ನು ಎತ್ತಿ ಎಲ್ಲರೆದುರೇ ಕುಡಿದೆ. ನಮ್ಮಲ್ಲಿ ಗಂಡಸರೂ ಕದ್ದು ಕುಡಿಯುತ್ತಾರೆ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಹುಳಿ, ಆಮೇಲೆ ನೇರಳೆ ಹಣ್ಣು ತಿಂದ ಹಾಗೆ ಒಗರು. ನುಂಗಿದ ಮೇಲೂ ರುಚಿ ಬಹಳ ಹೊತ್ತು ನಿಂತಿತು. ಗಾಢ ಬಣ್ಣದ್ದನ್ನೂ ಕುಡಿದು ನೋಡಿದೆ. ಅದು ಗಂಟಲು ಇಳಿದದ್ದೇ ಮುಗಿಯಿತು.

"ಅಣ್ಣಾ, ಸೋತೇನಿ" ಅಂದೆ. ಅವನು ಪೆನ್ನು ಮುಂದೆ ಹಿಡಿದ.

"ಸೋತಿದ್ದು ನಾನು, ಬಳ್ಳಿ ಅಲ್ಲ. ಸಹಿ ಹಾಕಂಗಿಲ್ಲ."

"ಕೊಟ್ಟ ಮಾತು ಎಲ್ಲಿ ಹೋತು?"

"ನೀ ಮೊದಲ ಬರೆಸಿಟ್ಟ ಪತ್ರದಾಗ ಹುಡುಕು."

ಹೌದು, ಮಾತಿಗೆ ತಪ್ಪಿದೆ. ನಾಚಿಕೆಯೂ ಆಗಿಲ್ಲ. ನನ್ನ ಪಾಲಿನದನ್ನೇ ನನ್ನೆದುರು ಪಣಕ್ಕಿಟ್ಟು ಆಡಿಸಿದವನ ಆಟಕ್ಕೆ ನಾನೇಕೆ ನಿಯಮ ಪಾಲಿಸಲಿ? ಆ ವರ್ಷ ಬಳ್ಳಿ ಸವರಿಸಲು ಆಳುಗಳನ್ನು ಕರೆದುಕೊಂಡು ಬ್ಯಾಡಗಿಯಿಂದ ನಾನೇ ಬಂದು ನಿಂತೆ. ಅಣ್ಣ ಬದುವಿನಾಚೆ ನಿಂತು ನೋಡುತ್ತಿದ್ದ. ತಡೆಯಲಿಲ್ಲ.