ನೆವಿಲ್ ಎಲ್ಲಿಯವನು

ನನ್ನ ಗಂಡ ನೆವಿಲ್, ಮೆಕೈ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರೈಲು ಓಡಿಸುತ್ತಿದ್ದ. ಮಾತು ಕಡಿಮೆ. ಮೀನು, ಬೇಯಿಸಿದ ಕೆಸುವಿನ ಗೆಡ್ಡೆ ಇದ್ದರೆ ಅವನ ಊಟ ಆಯಿತು. ಅವನ ಬಗ್ಗೆ ಬರೆಯಲು ಬೇರೆ ಯಾರೂ ಇಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಮ್ಮ ಮುತ್ತಜ್ಜಂದಿರನ್ನು ಬಿಳಿ ದೊರೆಗಳು ದೂರದ ಸಮುದ್ರದ ದ್ವೀಪಗಳಿಂದ ಹಡಗಿಗೆ ತುಂಬಿ ತಂದು ಇಲ್ಲಿಯ ಕಬ್ಬಿನ ಗದ್ದೆಗೆ ಇಳಿಸಿದರು. ನನ್ನವರು ತನ್ನಾ ದ್ವೀಪದವರು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನೆವಿಲ್‌ನ ಮುತ್ತಜ್ಜ ಚಿಕ್ಕ ಹುಡುಗನಾಗಿ ಬಂದವನು. ತನ್ನ ಮಗನಿಗೆ ದ್ವೀಪದ ಹೆಸರು ಹೇಳುವಷ್ಟರಲ್ಲಿ ಅದನ್ನೇ ಮರೆತಿದ್ದ. ಗದ್ದೆಯ ದೊರೆ ಅವನನ್ನು ಜಾಕಿ ಎಂದು ಕರೆದ, ಅದೇ ಮನೆತನದ ಹೆಸರಾಯಿತು. ಆ ವಂಶದಲ್ಲಿ ಒಬ್ಬೊಬ್ಬನೇ ಮಗ. ನೆವಿಲ್ ಕೊನೆಯವನು.

ವರ್ಷಕ್ಕೊಮ್ಮೆ ಸೇರುವ ದಿನ ನಮ್ಮವರು ತಂತಮ್ಮ ದ್ವೀಪದ ಬಾವುಟದಡಿ ನಿಲ್ಲುತ್ತಾರೆ. ನೆವಿಲ್ ಒಲೆಯ ಹತ್ತಿರ ನಿಂತು ಸಾಸೇಜ್ ಮಗುಚುತ್ತಿದ್ದ. ಯಾರಾದರೂ ಕರೆದರೆ, ಸೀದು ಹೋಗುತ್ತೆ, ನೀವು ನಡೀರಿ ಎನ್ನುತ್ತಿದ್ದ.

ನಮಗೆ ಮಕ್ಕಳಾಗಲಿಲ್ಲ. ನನ್ನ ತಂಗಿಯ ಮಗಳು ಮಾರ್ಲಿಯನ್ನು ಹುಟ್ಟಿದ ವಾರವೇ ತಂದು ಸಾಕಿದೆವು. ನಮ್ಮಲ್ಲಿ ಅದು ಸಾಮಾನ್ಯ, ಯಾರಿಗೂ ಮುಚ್ಚಿಡುವುದಿಲ್ಲ. ಅವಳಿಗೆ ಅವನೇ ಅಪ್ಪ.

ಹೈಸ್ಕೂಲಿನಲ್ಲಿ ವಿಜ್ಞಾನ ಮೇಳ ಬಂದಾಗ ಅವಳು ಅಪ್ಪನ ದ್ವೀಪ ಹುಡುಕುತ್ತೇನೆ ಎಂದಳು. ಎಂಜಲಿನಲ್ಲಿ ವಂಶದ ಗುರುತು ಇರುತ್ತದಂತೆ. ಅದನ್ನು ಬೇರೆ ಬೇರೆ ದ್ವೀಪದವರ ಗುರುತಿನೊಡನೆ ಕಂಪ್ಯೂಟರಿನಲ್ಲಿ ಹೋಲಿಸಿದರೆ ಅಪ್ಪ ಒಂದು ಚುಕ್ಕೆಯಾಗಿ ತನ್ನವರ ಪಕ್ಕ ಹೋಗಿ ಕೂರುತ್ತಾನಂತೆ. ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಬಣ್ಣ ಬಣ್ಣದ ಚುಕ್ಕೆ ಇಟ್ಟು ತೋರಿಸಿದಳು. ಅವನು ಒಂದೊಂದನ್ನೂ ಬೆರಳಿನಿಂದ ಮುಟ್ಟಿದ.

"ಇಷ್ಟ್ ವರ್ಷ ಸುಮ್ನೆ ಉಗುಳಿ ಹಾಳ್ ಮಾಡ್ದೆ ನೋಡು," ಎಂದ. "ಈಗ್ಲೇ ಉಗುಳ್ಲಾ?"

"ಉಗುಳೋ ಕೊಳವೆ ಪೋಸ್ಟಲ್ಲಿ ಬರ್ಬೇಕಪ್ಪ. ಅಲ್ಲೀವರ್ಗೂ ಬಾಯಲ್ಲೇ ಇಟ್ಕೊ."

ಕೊಳವೆ ಬರುವ ಮೊದಲೇ, ಒಂದು ಶನಿವಾರ, ರೈಲಿನ ಎಂಜಿನ್ನಿನಲ್ಲಿ ಕೂತಲ್ಲೇ ಅವನ ಎದೆಬಡಿತ ನಿಂತಿತು.

ಹೂತು ಬಂದ ಮೇಲೆ ನಮ್ಮ ಹೆಂಗಸರು ಮನೆಗೆ ಬಂದರು. ಡಲ್ಸಿ ಆಂಟಿ ಅವರಲ್ಲಿ ಹಿರಿಯಳು. ಸತ್ತವನ ಮೈ ಮುಟ್ಟಿದ್ದನ್ನು ನಮ್ಮ ಮನೆಗಳಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟರೆ ಅವನು ಅದನ್ನು ಹುಡುಕುತ್ತ ಇಲ್ಲೇ ಸುತ್ತುತ್ತಾನೆ, ತನ್ನ ದ್ವೀಪಕ್ಕೆ ಹೋಗುವುದಿಲ್ಲ. ಟೋಪಿ, ಬಟ್ಟೆ, ಬಾಚಣಿಗೆ, ರೇಜರ್, ಬ್ರಷ್, ದಿಂಬು, ಕಾರ್ಖಾನೆಯಿಂದ ಬಂದ ಅವನ ಚೀಲ, ಎಲ್ಲ ಹಿತ್ತಲಲ್ಲಿ ಬೆಂಕಿಗೆ ಹೋದವು. ನಾನು ತಂದು ತಂದು ಕೊಟ್ಟೆ. ಮಾರ್ಲಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಅವಳು ಎದ್ದು ಶಾಲೆಗೆ ಹೋದ ದಿನವೇ ಓಡುತ್ತ ಬಂದು ಬಚ್ಚಲಿಗೆ ನುಗ್ಗಿದಳು. ಹಲ್ಲುಜ್ಜುವ ಬ್ರಷ್ ಇದ್ದರೂ ಯಾವುದಾದರೂ ಪ್ರಯೋಗಾಲಯದವರು ಅದರಿಂದಲೇ ಗುರುತು ಓದಿಯಾರು ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರಂತೆ.

"ಅಪ್ಪನ ಬ್ರಷ್ ಎಲ್ಲಮ್ಮ?"

ಸುಟ್ಟೆವು ಎಂದೆ.

"ಎಲ್ಲಾನೂ?"

"ಎಲ್ಲಾನೂ. ಅವ್ನು ಹೋಗ್ಬೇಕಲ್ಲ."

"ಎಲ್ಲಿಗಮ್ಮ ಹೋಗ್ಬೇಕು? ನಾನ್ ಹುಡುಕ್ತಿದ್ದಿದ್ದೇ ಅದನ್ನಲ್ವಾ?"

ಅವಳು ಡಲ್ಸಿ ಆಂಟಿಯನ್ನು ಹೋಗಿ ಕೇಳಿದಳು. ಸತ್ತವರಿಗೆ ದಾರಿ ಗೊತ್ತಿರುತ್ತೆ ಮಗಾ ಎಂದಳಂತೆ ಆಂಟಿ. ಮಾರ್ಲಿ ನಂಬಲಿಲ್ಲ. ನಾನೂ ನಂಬಲಿಲ್ಲ.

ಆಮೇಲೆ ಕೊಳವೆ ಬಂತು. ಅವಳು ತನ್ನ ಎಂಜಲನ್ನೇ ಹಾಕಲು ಹೋದಳು. ನಿನ್ನಲ್ಲಿ ಇರುವುದು ನನ್ನವರ ರಕ್ತ, ಅವನದಲ್ಲ ಎಂದೆ. ಗೊತ್ತು ಎಂದಳು. ಆದರೂ ಕೊಳವೆ ಹಿಡಿದುಕೊಂಡೇ ಕೂತಿದ್ದಳು.

ಮೇಷ್ಟ್ರು ಮನೆಗೆ ಬಂದು ಸಮಾಧಾನ ಹೇಳಿದರು. ಆ ದ್ವೀಪಗಳವರ ಗುರುತು ಕಂಪ್ಯೂಟರಿನಲ್ಲಿ ಬಹಳ ಕಡಿಮೆಯಂತೆ. ನೆವಿಲ್ ಬದುಕಿ ಉಗುಳಿದ್ದರೂ ಆ ಇಡೀ ಸಮುದ್ರದ ದ್ವೀಪಗಳವನು ಎಂದಷ್ಟೇ ಬರುತ್ತಿತ್ತಂತೆ, ಒಂದು ದ್ವೀಪದ್ದು ಬರುವುದು ಕಷ್ಟವಂತೆ. ಒಳ್ಳೆಯ ಮನುಷ್ಯ. ಹಾಗೆ ಹೇಳಬಾರದಿತ್ತು. ಅವಳು ದೊಡ್ಡ ಹಾಳೆಯನ್ನು ಮಡಚಿ ಕಸದ ಡಬ್ಬಿಗೆ ಹಾಕಿದಳು. ಮೇಳದಲ್ಲಿ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟು ತೋರಿಸಿದಳು.

ಮೊನ್ನೆ ಕಲ್ಲು ಕೆತ್ತುವವನು ಬಂದಿದ್ದ. ನಮ್ಮವರ ಗೋರಿಕಲ್ಲಿನ ಮೇಲೆ ಹೆಸರಿನ ಕೆಳಗೆ ದ್ವೀಪದ ಹೆಸರು ಇರುತ್ತದೆ. ಯಾವ ದ್ವೀಪ ಎಂದು ಕೇಳಿದ. ಗೊತ್ತಿಲ್ಲ ಎಂದೆ.

"ಜಾಗ ಬಿಟ್ಟಿರ್ಲಾ ಅಕ್ಕಾ? ಮುಂದೆ ಗೊತ್ತಾದ್ರೆ ಕೆತ್ತೋಣ."

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಮಾರ್ಲಿ ಹೇಳಿದಳು.

"ಬಿಡ್ಬೇಡಿ. ಹೆಸರಿನ ಅಕ್ಷರಾನೇ ದೊಡ್ಡದ್ ಮಾಡಿ ತುಂಬ್ಸಿ."