ಸಿಂಚನಾಳ ಅರ್ಜಿಗಳು

ಚಿತ್ರದುರ್ಗದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಕೂತು ಆನ್‌ಲೈನ್ ಅರ್ಜಿಗಳನ್ನು ಕಟ್ಟುವ ತಿಪ್ಪೇಶಪ್ಪನವರಿಗೆ ಬದುಕೆಲ್ಲ ಹಂತ ಹಂತವೇ. ಅರ್ಜಿಯ ಪುಟವನ್ನು ಜೋಡಿಸುವ ಬಿಡಿ ತುಂಡುಗಳಿಗೆ ಓದಿದವರು ವೆಬ್ ಕಾಂಪೊನೆಂಟ್ ಎಂದರೆ ಅವರು ಇಟ್ಟಿಗೆ ಎನ್ನುತ್ತಾರೆ: ಹೆಸರಿಗೊಂದು ಇಟ್ಟಿಗೆ, ವಿಳಾಸಕ್ಕೊಂದು, ಒಮ್ಮೆ ಮಾಡಿಟ್ಟರೆ ಶಾಲೆಯ ಅರ್ಜಿಗೂ ಅದೇ, ಕಲ್ಯಾಣಮಂಟಪದ ಅರ್ಜಿಗೂ ಅದೇ. ಒಂದೇ ಪುಟದಲ್ಲಿ ಎರಡು ಪ್ರಶ್ನೆ ಕೇಳಿದವರನ್ನು ಅವರು ಸುಮ್ಮನೆ ಬಿಡುವುದಿಲ್ಲ. "ಹಿರೇಗುಂಟನೂರಿನ ಅಜ್ಜಿ ಫೋನಲ್ಲಿ ತುಂಬ್ಬೇಕಾಗೈತೆ, ಒಂದೊಂದೇ ಕೇಳ್ರಿ." ಟೀ ತಂದವನು ಸಕ್ಕರೆ, ಬಿಸ್ಕತ್ತು ಎರಡನ್ನೂ ಒಟ್ಟಿಗೆ ವಿಚಾರಿಸಿದರೂ, "ಮೊದ್ಲು ಸಕ್ಕರೆ ಮುಗಿಸಪ್ಪ, ಆಮ್ಯಾಲೆ ಮುಂದಿಂದು" ಎಂದು ತಡೆಯುತ್ತಾರೆ. ಕಟ್ಟಿದ ಅರ್ಜಿಯನ್ನು ತಾವೇ ತುಂಬಿ ಪರೀಕ್ಷಿಸುತ್ತಾರೆ. ಅದಕ್ಕೆ ಬೇರೆಯವರು ಕೈಗೆ ಸಿಕ್ಕ ಅಕ್ಷರ ಒತ್ತಿದರೆ, ಇವರು ಎಲ್ಲದರಲ್ಲೂ ಟಿ. ಸಿಂಚನಾ ಎಂದೇ ಬರೆಯುತ್ತಾರೆ. ಮೊದಮೊದಲು ಹೈಸ್ಕೂಲಿಗೆ ಸೇರುತ್ತಿದ್ದ ಸಿಂಚನಾ ಈ ವರ್ಷ ಕಾಲೇಜು ಹಾಸ್ಟೆಲಿಗೆ ಅರ್ಜಿ ಹಾಕಿದ್ದನ್ನು ಪಕ್ಕದ ಮೇಜಿನ ನೂರೀನ್ ಗಮನಿಸಿದ್ದಾಳೆ; ವರ್ಷ ಕಳೆದಂತೆ ಅರ್ಜಿಯಲ್ಲಿ ಅವಳ ವಯಸ್ಸೂ ಏರುತ್ತಿದೆ. ತಿಪ್ಪೇಶಪ್ಪನವರ ಮಗಳು ಸಿಂಚನಾ ಅಂಗನವಾಡಿಗೆ ಹೋಗುತ್ತಿದ್ದಾಗಲೇ ಜ್ವರ ಬಂದು ತೀರಿಕೊಂಡದ್ದು ಆಫೀಸಿಗೆಲ್ಲ ಗೊತ್ತು. ಅರ್ಜಿಯನ್ನು ಜನರಿಗೆ ತೆರೆಯುವ ಮುನ್ನ ಪರೀಕ್ಷೆಗೆ ತುಂಬಿದ್ದನ್ನು ಅಳಿಸಲೇಬೇಕು. ಆಗ ತಿಪ್ಪೇಶಪ್ಪ ಎದ್ದು ಚಪ್ಪಲಿ ಮೆಟ್ಟುತ್ತಾರೆ. "ಅದೊಂದು ನೀನೇ ಮಾಡಮ್ಮ, ನಾನು ಕೆಳಗಿರ್ತೀನಿ." ನೂರೀನ್ ಆ ಹೆಸರನ್ನು ಆರಿಸುತ್ತಾಳೆ. 'ಖಂಡಿತ ಅಳಿಸಬೇಕೇ?' ಎಂದು ಅವರೇ ಮಾಡಿದ ಇಟ್ಟಿಗೆ ಪರದೆಯ ಮೇಲೆ ಕೇಳುತ್ತದೆ. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದು ಪೂರ್ತಿ ನಿಲ್ಲುವವರೆಗೆ ಅವಳು 'ಹೌದು' ಒತ್ತುವುದಿಲ್ಲ.